ಹದಿನೆಂಟು ಕಡ್ಡಿಗಳು

ಮೆಟ್ರೋದಲ್ಲಿ ಕುಳಿತು ಬೂಟು ಬಿಚ್ಚುವುದು ಸಭ್ಯರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಇವತ್ತು ಬೆಳಗ್ಗೆ ಪೀತಮ್‌ಪುರದಲ್ಲಿ ಹತ್ತಿದಾಗಿನಿಂದ ಎಡಗಾಲಿನ ಹೆಬ್ಬೆರಳಿನ ಕೆಳಗೆ ಏನೋ ಚುಚ್ಚುತ್ತಿತ್ತು. ಕಾಶ್ಮೀರಿ ಗೇಟಿನಲ್ಲಿ ಇಳಿದು ಗುರುಗ್ರಾಮದ ಕಡೆಗೆ ಹೋಗುವ ಗಾಡಿ ಹಿಡಿದಾಗ ಅಪರೂಪಕ್ಕೆ ಸೀಟು ಸಿಕ್ಕಿತು. ಸೀಟು ಸಿಕ್ಕ ಮೇಲೆಯೇ ಮನುಷ್ಯನಿಗೆ ತನ್ನ ನೋವುಗಳ ಕಡೆ ಗಮನ ಹರಿಯುವುದು. ಸಕ್ಕರೆ ಕಾಯಿಲೆಯ ಮೊದಲ ಸೂಚನೆಯೇ, ನರ ಸತ್ತಿರಬಹುದೇ, ಬೆರಳು ತೆಗೆಸಬೇಕಾದರೆ ರಜೆ ಎಷ್ಟು ಬೇಕಾದೀತು ಎಂದು ಎರಡು ಸ್ಟೇಷನ್ ದಾಟುವವರೆಗೆ ಯೋಚಿಸಿದೆ. ಮೂರನೆಯದರಲ್ಲಿ ಬೂಟು ಬಿಚ್ಚಿ ನೋಡಿದರೆ ಅಟ್ಟೆಯನ್ನು ತೂರಿಕೊಂಡು ಒಂದು ಮುಳ್ಳು ತುದಿ ತೋರಿಸುತ್ತಿತ್ತು. ಪಕ್ಕದ ಹೆಂಗಸು ಚೀಲವನ್ನು ಮಡಿಲಿಗೆ ಎಳೆದುಕೊಂಡು ಅರ್ಧ ಅಡಿ ಸರಿದಳು. ಕ್ಷಮಿಸಿ ಎನ್ನುವಂತೆ ನಕ್ಕೆ. ಇನ್ನರ್ಧ ಅಡಿ ಸರಿದಳು.

ನೀವು ನಮ್ಮ ಚಳ್ಳಕೆರೆ ಕಡೆಯವರಾಗಿದ್ದರೆ ಆ ಮುಳ್ಳನ್ನು ನೋಡಿದ ಕೂಡಲೇ ಹೆಸರು ಹಿಡಿದು ಕರೆಯುತ್ತಿದ್ದಿರಿ. ಬಳ್ಳಾರಿ ಜಾಲಿ. ನಾನು ಚಿಕ್ಕವನಿದ್ದಾಗ ನಮ್ಮ ಹಿತ್ತಲಿನ ಬೇಲಿ ಅದು, ನೀರೊಲೆಯ ಸೌದೆ ಅದು, ಸೈಕಲ್ಲಿನ ಟ್ಯೂಬಿಗೆ ಯಮನೂ ಅದೇ. ಇಲ್ಲಿಯ ಜನ ಇದಕ್ಕೆ ವಿಲಾಯತಿ ಕೀಕರ್ ಎನ್ನುತ್ತಾರೆ. ನಾವು ಬಳ್ಳಾರಿಯ ಮೇಲೆ ಹೊರಿಸಿದ ತಪ್ಪನ್ನು ಇವರು ವಿಲಾಯತಿಯ ಮೇಲೆ ಹೊರಿಸಿದ್ದಾರೆ. ನಮ್ಮೂರಿನದು ಎಂದು ಯಾರೂ ಒಪ್ಪಿಕೊಂಡದ್ದನ್ನು ನಾನು ಕೇಳಿಲ್ಲ.

ಈ ಮುಳ್ಳನ್ನು ನಾನು ತುಳಿದದ್ದು ಕಳೆದ ಭಾನುವಾರ, ಗುರುಗ್ರಾಮದ ಅಂಚಿನ ಅರಾವಳಿ ಗುಡ್ಡದಲ್ಲಿ. ಭಾನುವಾರ ಬೆಳಗ್ಗೆ ನಾನು ಗುಡ್ಡಕ್ಕೆ ಹೋಗುತ್ತೇನೆ ಎಂದರೆ ಆಫೀಸಿನವರು ಈಗಲೂ ನಂಬುವುದಿಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ನಾನು. ಯಾವ ಕಡತ ಬಂದರೂ ಮುಂದೆ ಏನೇನು ಎಡವಟ್ಟಾಗಬಹುದು ಎಂದು ಊಹಿಸಿ ಬರೆಯುವುದೇ ನನ್ನ ಕೆಲಸ. ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಬೀಗ ಹಾಕಿ ಕೆಳಗಿಳಿದ ಮೇಲೆ ಮತ್ತೆ ಮೂರು ಮಹಡಿ ಹತ್ತಿ ಬೀಗ ಎಳೆದು ನೋಡುವವನು ನಾನು. ಗೀಸರ್ ಆರಿಸಿದೆನೇ ಎಂಬ ಪ್ರಶ್ನೆ ನನ್ನನ್ನು ಆಗ್ರಾದ ಅರ್ಧ ದಾರಿಯಿಂದ ವಾಪಸ್ ಕರೆತಂದದ್ದುಂಟು. "ನಿಮಗೆ ಚಿಂತೆ ಇಲ್ಲದ ದಿನ, ಚಿಂತೆ ಯಾಕಿಲ್ಲ ಅಂತ ಬಿಪಿ ಏರತ್ತೆ" ಎಂದು ನನ್ನಾಕೆ ಹೇಳುತ್ತಾಳೆ. ನಗಿಸುವುದಕ್ಕೆ ಹೇಳುವ ಮಾತೇನಲ್ಲ ಅದು.

ಇಂಥ ಮನೆಯಲ್ಲಿ ಬೆಳೆದ ಮಗಳು ಮೇಘನಾ. ಹನ್ನೊಂದನೆಯ ಕ್ಲಾಸಿಗೆ ಬರುವವರೆಗೆ ಅವಳಿಗೆ ಜಿರಳೆ ಎಂದರೆ ಭೂಕಂಪ. ಬಾತ್‌ರೂಮಿನಲ್ಲಿ ಒಂದು ಕಂಡರೆ ಸೋಫಾದ ಮೇಲೆ ಹತ್ತಿ ನಿಂತು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ನನ್ನನ್ನು ಕರೆಯುತ್ತಿದ್ದಳು. ಅವಳನ್ನು ಗುಡ್ಡ ಹತ್ತಿಸಿದವರು ಶಾಲೆಯ ತನೇಜಾ ಮೇಡಂ.

ಜೀವಶಾಸ್ತ್ರದ ಟೀಚರ್. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಬೆನ್ನು ನೆಟ್ಟಗಿದ್ದ, ಕಡಿಮೆ ಮಾತಿನ ಹೆಂಗಸು. ಕುತ್ತಿಗೆಯಲ್ಲಿ ಕನ್ನಡಕದ ಸರ, ಜಡೆಯಲ್ಲಿ ಸದಾ ಸಿಕ್ಕಿಸಿದ ಪೆನ್ಸಿಲ್. ಶಾಲೆಯಲ್ಲಿ ಪರಿಸರದ ಕ್ಲಬ್ಬೊಂದಿತ್ತು. ಬೇರೆ ಶಾಲೆಗಳಲ್ಲಿ ಅಂಥ ಕ್ಲಬ್ಬುಗಳು ಏನು ಮಾಡುತ್ತವೆ ಎಂದು ನಿಮಗೆ ಗೊತ್ತಿದೆ: ಭೂಮಿಗೆ ಕಣ್ಣೀರು ಬರೆದು ಪೋಸ್ಟರ್ ಮಾಡುವುದು, ಮುಖ್ಯ ಅತಿಥಿಯ ಕೈಯಿಂದ ಪ್ರತಿವರ್ಷ ಅದೇ ಗುಂಡಿಯಲ್ಲಿ ಸಸಿ ನೆಡಿಸುವುದು. ಮೇಡಂ ಮಾಡಿಸುತ್ತಿದ್ದದ್ದು ಬೇರೆ. ಜನರೇಟರ್ ಶೆಡ್ಡಿನ ಹಿಂದೆ ಯಾರಿಗೂ ಬೇಡವಾದ ಒಂದು ತುಂಡು ನೆಲ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ. ನಾಲ್ಕು ಮೂಲೆಗೆ ನಾಲ್ಕು ಗೂಟ, ಸುತ್ತ ದಾರ. ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಅದರ ಮುಂದೆ ಕುಳಿತು ಕಂಡದ್ದನ್ನು ಬರೆಯಬೇಕು. ಮೊದಲ ಒಂದು ತಿಂಗಳು ಯಾವುದರ ಹೆಸರೂ ಬರೆಯುವಂತಿಲ್ಲ. ಇರುವೆ ಎಂದು ಬರೆದರೆ ಹೊಡೆದು ಹಾಕುತ್ತಿದ್ದರು. ಕಪ್ಪಗಿದೆ, ಆರು ಕಾಲು, ಬಿಳಿಯದೇನನ್ನೋ ಹೊತ್ತಿದೆ ಎಂದು ಬರೆಯಬೇಕು.

ಮೇಘನಾಳ ಮೊದಲ ಪುಟ ನಾನು ನೋಡಿದ್ದೇನೆ. 'ಏನೂ ಇಲ್ಲ. ಒಂದು ಚಿಪ್ಸ್ ಪ್ಯಾಕೆಟ್' ಎಂದು ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಮೇಡಂ ಪೆನ್ಸಿಲಿನಲ್ಲಿ ಬರೆದಿದ್ದರು: 'ಪ್ಯಾಕೆಟ್ಟಿನ ಕೆಳಗೆ?' ಮರುವಾರದ ಬರಹ ಒಂದೂವರೆ ಪುಟ. ಅದರ ಮುಂದಿನ ವಾರ ನಾಲ್ಕು. ದೀಪಾವಳಿ ಹೊತ್ತಿಗೆ ಮನೆಯಲ್ಲಿ ಜಿರಳೆ ಕಂಡಾಗ ನಾನು ಎಂದಿನಂತೆ ಚಪ್ಪಲಿ ಹಿಡಿದು ಓಡಿಬಂದರೆ ಅವಳು ನೆಲದ ಮೇಲೆ ಮಂಡಿಯೂರಿದ್ದಳು.

"ಅಪ್ಪ, ಏಕ್ ಮಿನಿಟ್, ಹೊಡೀಬೇಡಿ. ಇದರ ಮೀಸೆ ಬಾಡಿಗಿಂತ ಉದ್ದ ಇದೆ."

"ಅಳತೆ ಮುಗಿದ ಮೇಲೆ ಹೇಳು, ಚಪ್ಪಲಿ ರೆಡಿ ಇದೆ" ಎಂದಳು ಅವಳಮ್ಮ, ಅಡುಗೆಮನೆಯಿಂದ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಜಿರಳೆಗೆ ಹೆದರುವ ಮಗಳ ಬಗ್ಗೆ ನನಗೆ ಒಂದು ಚಿಂತೆಯಿತ್ತು. ಹೆದರದವಳ ಬಗ್ಗೆ ಇಪ್ಪತ್ತು ಹುಟ್ಟಿಕೊಂಡವು. ಫಿಸಿಕ್ಸ್ ಅಂಕ ಇಳಿಯುತ್ತಿತ್ತು. ಪೋಷಕರ ಸಭೆಯಲ್ಲಿ ಮೇಡಂ ಎದುರು ಕುಳಿತು, ಇರುವೆ ನೋಡುತ್ತ ಕೂತರೆ ಇಂಜಿನಿಯರಿಂಗ್ ಸೀಟಿನ ಗತಿಯೇನು ಎಂದು ಆದಷ್ಟು ವಿನಯದಿಂದ ಕೇಳಿದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಭಾಯಿ ಸಾಹೇಬ್, ನಿಮ್ಮ ಬ್ಲಾಕಿನ ಗೇಟಿನ ಪಕ್ಕ ದೊಡ್ಡ ಮರ ಇದೆಯಂತಲ್ಲ. ಮೇಘನಾ ಬರೆದಿದ್ದಾಳೆ. ಯಾವ ಮರ ಅದು?" ಎಂದು ಹಿಂದಿಯಲ್ಲಿ ಕೇಳಿದರು.

ಹದಿನಾಲ್ಕು ವರ್ಷ ಅದರ ಕೆಳಗೆ ಸ್ಕೂಟರ್ ನಿಲ್ಲಿಸಿದವನು ನಾನು. ಅದರ ಯಾವ ಕೊಂಬೆ ಬಿರುಗಾಳಿಗೆ ಯಾವ ಕಾರಿನ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದೆ. ಹೆಸರು ಗೊತ್ತಿರಲಿಲ್ಲ.

"ಹಸಿರಾಗಿದೆ" ಎಂದೆ.

"ಅಚ್ಛಾ" ಎಂದರು ಮೇಡಂ. ಮುಂದಿನ ಪೋಷಕರನ್ನು ಕರೆದರು.

ಆ ಚಳಿಗಾಲದಲ್ಲೇ ಗುಡ್ಡದ ಮಾತು ಬಂದದ್ದು. ಮೇಡಂ ಭಾನುವಾರಗಳಲ್ಲಿ ಹಳೆಯ ಕಲ್ಲುಗಣಿಯೊಂದರ ಪಕ್ಕದ ಇಳಿಜಾರಿನಲ್ಲಿ ಕೆಲಸ ಮಾಡುವ ಸ್ವಯಂಸೇವಕರ ಜೊತೆ ಹೋಗುತ್ತಿದ್ದರು. ಬನ್ನಿ ಎಂದು ಮಕ್ಕಳನ್ನು ಕರೆಯಲಿಲ್ಲ. ಹಾಜರಿ ಇಲ್ಲ, ಅಂಕ ಇಲ್ಲ, ಸರ್ಟಿಫಿಕೇಟ್ ಇಲ್ಲ ಎಂದು ಮೊದಲೇ ಹೇಳಿದ್ದರು. ಕ್ಲಬ್ಬಿನ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಆರು ಜನ, ನಮ್ಮ ದಾರದ ಜಾಗ ಮುಗಿಯಿತು, ದೊಡ್ಡ ಜಾಗ ತೋರಿಸಿ ಎಂದು ತಾವಾಗಿಯೇ ಕೇಳಿದರು. ಅದರಲ್ಲೊಬ್ಬಳು ನಮ್ಮವಳು. ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು. ನಾನು ಒಪ್ಪಿದೆ, ಒಂಬತ್ತು ಷರತ್ತುಗಳೊಡನೆ. ಹಾವು, ಬಿಸಿಲು, ಗಾಳಿಯ ಮಾಲಿನ್ಯ, ಪ್ರಥಮ ಚಿಕಿತ್ಸೆ ಎಲ್ಲ ಕ್ರಮಸಂಖ್ಯೆಯಲ್ಲಿತ್ತು. ಪತ್ರ ಮರುದಿನ ವಾಪಸ್ ಬಂತು, ಪೆನ್ಸಿಲ್ ಷರಾಗಳ ಸಮೇತ. ಆ ಗುಡ್ಡದಲ್ಲಿ ಚಿರತೆ ಇದೆ ಎಂದು ಕೇಳಿದ್ದೇನೆ ಎಂಬ ನನ್ನ ನಾಲ್ಕನೆಯ ಅಂಶದ ಪಕ್ಕ 'ಅದಕ್ಕೂ ತಿಳಿಸಲಾಗುವುದು' ಎಂದಿತ್ತು. ಕೊನೆಯಲ್ಲಿ: 'ತಂದೆಯವರೂ ಬರಬಹುದು.'

ಹಾಗೆ ನಾನು ಗುಡ್ಡಕ್ಕೆ ಹೋದದ್ದು. ಪರಿಸರಪ್ರೇಮದಿಂದಲ್ಲ, ಕಾವಲಿಗೆ. ಬೆನ್ನಿನ ಚೀಲದಲ್ಲಿ ಗ್ಲೂಕೋಸ್, ಬ್ಯಾಂಡೇಜ್, ಎರಡು ಟಾರ್ಚು. ಹಗಲು ಹತ್ತು ಗಂಟೆಗೆ ಟಾರ್ಚ್ ಯಾಕೆ ಎಂದು ಮಗಳು ಕೇಳಿದಾಗ ಎರಡನ್ನೂ ಚೀಲದ ತಳಕ್ಕೆ ತಳ್ಳಿದೆ.

ಗುಡ್ಡ ಹತ್ತಿ ನೋಡಿದರೆ ಸುತ್ತಲೂ ಬಳ್ಳಾರಿ ಜಾಲಿ. ದೆಹಲಿಗೆ ಬಂದು ಎರಡು ದಶಕವಾದ ಮೇಲೆ ಮೊದಲ ಸಲ ಒಂದು ಗಿಡವನ್ನು ಗುರುತಿಸಿ, ಬಾಲ್ಯದ ಗೆಳೆಯ ಸಿಕ್ಕಂತೆ ಅದರ ಕಡೆ ಹೋದೆ. ಅಷ್ಟರಲ್ಲಿ ಆರೂ ಮಕ್ಕಳು ಚರ್ಮದ ಕೈಗವಸು ಹಾಕಿಕೊಂಡು, ಗುದ್ದಲಿ ಹಿಡಿದು, ನನ್ನ ಗೆಳೆಯನ ಬುಡ ಅಗೆಯತೊಡಗಿದರು. ಗುಡ್ಡ ಬೇಗ ಹಸಿರಾಗಲಿ ಎಂದು ಯಾವ ಕಾಲದಲ್ಲೋ ಹೊರದೇಶದಿಂದ ತಂದು ಬಿತ್ತಿದ್ದಂತೆ. ನೆಲದ ನೀರನ್ನೆಲ್ಲ ಹೀರಿ, ತನ್ನ ನೆರಳಿನಲ್ಲಿ ಇಲ್ಲಿಯ ಯಾವ ಗಿಡವನ್ನೂ ಏಳಗೊಡುವುದಿಲ್ಲವಂತೆ. ನನಗೆ ಯಾಕೋ ವೈಯಕ್ತಿಕವಾಗಿ ತಟ್ಟಿತು.

"ಹೊರಗಿನಿಂದ ಬಂದವರನ್ನೆಲ್ಲ ಕಿತ್ತುಹಾಕೋದಾದರೆ ಪೀತಮ್‌ಪುರದಲ್ಲಿ ಯಾರು ಉಳೀತಾರೆ ಮೇಡಂ?" ಎಂದೆ.

"ನಾನೂ ಉಳಿಯಲ್ಲ" ಎಂದರು ಅವರು, ಬೆವರು ಒರೆಸಿಕೊಳ್ಳುತ್ತ. "ನಮ್ಮಪ್ಪ ದೇಶ ಒಡೆದಾಗ ಮುಲ್ತಾನಿನಿಂದ ಬಂದವರು. ಆದರೆ ಭಾಯಿ ಸಾಹೇಬ್, ನಾವು ಪಕ್ಕದ ಮನೆಯ ನಲ್ಲಿ ಬಂದ್ ಮಾಡಲಿಲ್ಲ."

ಮರುವರ್ಷದ ಮಳೆಗಾಲದಲ್ಲಿ, ಜಾಲಿ ತೆಗೆದ ಜಾಗದಲ್ಲಿ, ಪ್ರತಿಯೊಬ್ಬರೂ ಒಂದೊಂದು ಸಾಲು ಸಸಿ ನೆಟ್ಟರು. ಮೇಘನಾಳ ಸಾಲು ಎರಡು ಬಂಡೆಗಳ ನಡುವೆ. ಹದಿನೆಂಟು ಸಸಿ. ಧೌ ಎಂಬ ಮರ. ಈ ಗುಡ್ಡದ ಮೂಲ ನಿವಾಸಿ, ನಮ್ಮ ಕಡೆಯ ದಿಂಡಿಗದ ದಾಯಾದಿ. ಮೊಣಕಾಲೆತ್ತರ ಕೂಡ ಇಲ್ಲದ ಅವಕ್ಕೆ ಅವಳು ಮಳೆ ನಿಂತ ಮೇಲೆ ಪ್ರತಿ ಭಾನುವಾರ ಕೆಳಗಿನ ಟ್ಯಾಂಕಿನಿಂದ ಕ್ಯಾನಿನಲ್ಲಿ ನೀರು ಹೊತ್ತಳು. ಕ್ಯಾನ್ ಭಾರಕ್ಕೆ ಬೆನ್ನುಮೂಳೆ ಬಾಗೀತೆಂದು ನಾನು ಅರ್ಧ ದಾರಿ ಹೊರುತ್ತಿದ್ದೆ. ನನ್ನ ಬೆನ್ನುಮೂಳೆ ಆಗಲೇ ಬಾಗಿದ್ದರಿಂದ ಅದಕ್ಕೇನೂ ಭಯವಿರಲಿಲ್ಲ.

ಫೆಬ್ರವರಿ ಬಂತು. ಹನ್ನೆರಡನೆಯ ಕ್ಲಾಸಿನ ಬೋರ್ಡ್ ಪರೀಕ್ಷೆ. ಆರೂ ಮಕ್ಕಳು ಪುಸ್ತಕಕ್ಕೆ ಕೂತರು. ಮೇಡಂ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಉಳಿದ ಸ್ವಯಂಸೇವಕರು ಗಣಿಯ ಆಚೆ ದಂಡೆಯಲ್ಲಿ. ಒಂದು ಸಂಜೆ ಮೇಘನಾ ನನ್ನ ಎದುರು ಬಂದು ನಿಂತಳು.

"ಅಪ್ಪ, ನನ್ನ ಸಾಲಿಗೆ ನೀವು ನೀರು ಹಾಕಿ ಬರ್ತೀರಾ? ಎಕ್ಸಾಮ್ ಮುಗಿಯೋವರೆಗೂ?"

"ಅದಕ್ಕೇನಂತೆ."

"ಸಿರ್ಫ್ ಪಾನಿ, ಬರೀ ನೀರು. ಬೇರೇನೂ ಮಾಡ್ಬೇಡಿ."

"ಬೇರೇನು ಮಾಡ್ತೀನಮ್ಮ ನಾನು?"

"ಅದೇ ನನ್ನ ಟೆನ್ಷನ್" ಎಂದಳು. ಆದರೂ ಒಪ್ಪಿಸಿದಳು. ಹುಟ್ಟಿದಾಗಿನಿಂದ ಅವಳು ನನ್ನ ಕೈಗೆ ತಾನಾಗಿ ಕೊಟ್ಟ ಮೊದಲ ಜವಾಬ್ದಾರಿ ಅದು. ಮಿಕ್ಕಿದ್ದೆಲ್ಲ ನಾನು ಕಿತ್ತುಕೊಂಡದ್ದು.

ಮೊದಲ ಭಾನುವಾರ ಹೋಗಿ ನೋಡುತ್ತೇನೆ, ಎಲೆಗಳೆಲ್ಲ ಅರ್ಧ ಉದುರಿವೆ. ಎರಡನೆಯ ಭಾನುವಾರಕ್ಕೆ ಬರೀ ಕಡ್ಡಿ. ಹದಿನೆಂಟೂ. ನೆಲಕ್ಕೆ ಯಾರೋ ಪೊರಕೆ ಕಡ್ಡಿ ಚುಚ್ಚಿ ಹೋದ ಹಾಗೆ. ನೀರು ಹೆಚ್ಚಾಯಿತೇ? ಕಡಿಮೆಯಾಯಿತೇ? ಟ್ಯಾಂಕಿನ ನೀರಲ್ಲಿ ಏನಾದರೂ ಇತ್ತೇ? ಮನೆಗೆ ಬಂದಾಗ ಮಗಳು ಕೆಮಿಸ್ಟ್ರಿ ಪುಸ್ತಕದಿಂದ ತಲೆಯೆತ್ತಿ, "ಹೇಗಿವೆ ಅಪ್ಪ?" ಎಂದಳು.

"ಚೆನ್ನಾಗಿವೆ" ಎಂದೆ.

ಆ ಮುಖ ನೋಡಿ ಇನ್ನೇನು ಹೇಳಲಿ? ಮೂರು ದಿನದಲ್ಲಿ ಪರೀಕ್ಷೆ. ಗಿಡ ಸತ್ತ ಸುದ್ದಿ ಕೇಳಿ ಅವಳು ಪೇಪರ್ ಕೆಡಿಸಿಕೊಂಡರೆ? ಮುಂದಿನ ಭಾನುವಾರವೂ ಚೆನ್ನಾಗಿವೆ ಎಂದೆ. ಅದರ ಮುಂದಿನದೂ. ಸುಳ್ಳಿಗೆ ಒಂದು ಗುಣವಿದೆ: ಹೇಳಿದವನಿಗೆ ಅದನ್ನು ನಿಜ ಮಾಡುವ ಉತ್ಸಾಹ ಬರುತ್ತದೆ. ನನಗೂ ಬಂತು. ಮಾರ್ಚಿನ ಮೊದಲ ವಾರ ರಿಂಗ್ ರೋಡಿನ ಬದಿಯ ನರ್ಸರಿಯೊಂದಕ್ಕೆ ಹೋಗಿ, ಸಾಯದೇ ಇರುವ ಗಿಡ ಯಾವುದಿದೆ ಭಯ್ಯಾ ಎಂದು ಕೇಳಿದೆ. ನರ್ಸರಿಯವನು ದಟ್ಟ ಹಸಿರಿನ ಸಸಿಗಳ ಸಾಲು ತೋರಿಸಿದ. "ಇದು ಫಾರಿನ್ ಮಾಲು ಸರ್. ಬೆಂಕಿ ಹಚ್ಚಿದರೂ ಸಾಯಲ್ಲ." ಅವನ್ನು ಗೋಣಿಯಲ್ಲಿ ತುಂಬಿಕೊಂಡು ಕ್ಯಾಬ್ ಹಿಡಿದೆ. ಮೇಘನಾ ಪರೀಕ್ಷೆ ಮುಗಿಸಿ ಬರುವ ಹೊತ್ತಿಗೆ ಸಾಲು ಹಸಿರಾಗಿರುತ್ತದೆ. ಎಲೆ ಸ್ವಲ್ಪ ಬೇರೆ ಕಂಡರೆ, ಬೆಳೆಯುವ ವಯಸ್ಸು, ಬದಲಾಗಿವೆ ಎನ್ನಬಹುದು. ಇದು ನನ್ನ ಯೋಜನೆ. ಸರ್ಕಾರದಲ್ಲಿ ಇದಕ್ಕಿಂತ ಕೆಟ್ಟ ಯೋಜನೆಗಳಿಗೂ ಸಹಿಯಾದದ್ದನ್ನು ನೋಡಿದ್ದೆ.

ಒಂದೊಂದೇ ಕಡ್ಡಿ ಕಿತ್ತು, ಆ ಗುಂಡಿಯಲ್ಲಿ ಹಸಿರು ಸಸಿ ಇಟ್ಟೆ. ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲನೆಯ ಕಡ್ಡಿ ಸುಲಭಕ್ಕೆ ಬರಲಿಲ್ಲ. ಎರಡೂ ಕೈ ಹಾಕಿ ಎಳೆದಾಗ ಬೇರು ಕಿತ್ತು ಬಂತು. ಬೇರಿನ ತುದಿ ಬೆಳ್ಳಗಿತ್ತು, ಹಸಿಯಾಗಿತ್ತು. ಒಂದು ಗಳಿಗೆ ಕೈ ನಿಂತಿತು. ಕಡತದಲ್ಲಿ ಇಂಥ ತೊಡಕಿನ ಸಂಗತಿ ಕಂಡಾಗ 'ಪರಿಶೀಲಿಸಬಹುದು' ಎಂದು ಬರೆದು ಮುಂದೆ ತಳ್ಳುತ್ತೇವಲ್ಲ, ಹಾಗೇ ತಳ್ಳಿದೆ.

ಹನ್ನೊಂದನೆಯದನ್ನು ಕಿತ್ತು ನಿಂತಾಗ ಹಿಂದೆ ಊರುಗೋಲಿನ ಸದ್ದಾಯಿತು. ಆಪರೇಷನ್ ಆದ ಮೇಲೆ ಅವತ್ತೇ ಮೊದಲ ಸಲ ಗುಡ್ಡಕ್ಕೆ ಬಂದಿದ್ದ ತನೇಜಾ ಮೇಡಂ. ನನ್ನನ್ನು ನೋಡಿದರು, ಹಸಿರು ಸಸಿಗಳನ್ನು ನೋಡಿದರು, ಬಂಡೆಯ ಪಕ್ಕ ಪೇರಿಸಿದ್ದ ಕಡ್ಡಿಗಳನ್ನು ನೋಡಿದರು. ನಾನು, ಎಲ್ಲ ಸತ್ತುಹೋದವು ಮೇಡಂ, ಹುಡುಗಿಗೆ ಬೇಜಾರಾಗಬಾರದು ಅಂತ, ಎಂದು ಏನೇನೋ ಹೇಳಿದೆ. ಅವರು ಬಗ್ಗಲಾರದೆ ಬಗ್ಗಿ ಒಂದು ಕಡ್ಡಿ ಎತ್ತಿಕೊಂಡು, ಹೆಬ್ಬೆರಳ ಉಗುರಿನಿಂದ ತೊಗಟೆಯನ್ನು ಗೀರಿ ನನ್ನ ಕಣ್ಣೆದುರು ಹಿಡಿದರು. ಕಂದು ಸಿಪ್ಪೆಯ ಕೆಳಗೆ ಹಸಿರು ಗೆರೆ.

"ಸೋ ರಹಾ ಥಾ, ಬೇಚಾರಾ" ಎಂದರು. ಮಲಗಿತ್ತು ಪಾಪ. "ಈ ಕಾಲದಲ್ಲಿ ಎಲೆ ಉದುರಿಸಿ ಮಲಗುತ್ತೆ. ಬಿಸಿಲಿಗೆ ಏಳುತ್ತೆ."

ನಾನು ಬಂಡೆಯ ಮೇಲೆ ಕುಳಿತೆ. ಬಯ್ಯಲಿ ಎಂದು ಕಾದೆ. ಅವರು ಬಯ್ಯಲಿಲ್ಲ, ಗುದ್ದಲಿ ನನ್ನ ಕಡೆ ತಳ್ಳಿದರು. ಇಬ್ಬರೂ ಸೇರಿ, ಅಂದರೆ ಅವರು ಹೇಳಿ ನಾನು ಮಾಡಿ, ಹಸಿರು ಸಸಿಗಳನ್ನು ತೆಗೆದು ಹನ್ನೊಂದು ಕಡ್ಡಿಗಳನ್ನೂ ವಾಪಸ್ ಊರಿದೆವು. ಕೆಲವುಗಳ ಬೇರು ನಾನು ಎಳೆದ ರಭಸಕ್ಕೆ ತುಂಡಾಗಿತ್ತು. ಕೈ ತೊಳೆಯುವಾಗ ಅವರು ಕೇಳಿದರು:

"ಮೇಘನಾಗೆ ಯಾರು ಹೇಳ್ತಾರೆ?"

"ಪರೀಕ್ಷೆ ಮುಗೀಲಿ ಮೇಡಂ, ಆಮೇಲೆ..."

"ಯಾವಾಗ ಅಂತ ಕೇಳಲಿಲ್ಲ. ಯಾರು ಅಂತ ಕೇಳಿದೆ."

ಮೂವತ್ತು ವರ್ಷ ಇಲ್ಲದ ಅಪಾಯಗಳ ಬಗ್ಗೆ ಚಿಂತಿಸಿ ಚಿಂತಿಸಿ ಸಿದ್ಧನಾಗಿದ್ದವನು ನಾನು. ಇರುವ ಅಪಾಯ ಎದುರು ಬಂದಾಗ ಏನೂ ತೋಚಲಿಲ್ಲ. ಗಿಡ ಹೋದರೆ ಇನ್ನೊಂದು ನೆಡಬಹುದು. ಈ ಹುಡುಗಿ ಮತ್ತೆ ನನ್ನ ಕೈಗೆ ಏನನ್ನಾದರೂ ಕೊಡುತ್ತಾಳೆಯೇ? ಉಳಿದ ಎರಡು ವಾರ ನನಗೆ ಇದೊಂದೇ ಚಿಂತೆ. ಆ ಹದಿನೈದು ದಿನ ಗೀಸರ್ ನೋಡಲು ಒಮ್ಮೆಯೂ ಏಳಲಿಲ್ಲವೆಂದು ನನ್ನಾಕೆ ಗಾಬರಿಯಾಗಿ ಡಾಕ್ಟರ ಹತ್ತಿರ ಹೋಗೋಣವೇ ಎಂದಳು.

ಕೊನೆಯ ಪೇಪರ್ ಮುಗಿದ ಮಧ್ಯಾಹ್ನ ಸಮೋಸ ತಂದಿಟ್ಟು, ಎಲ್ಲವನ್ನೂ ಹೇಳಿದೆ. ನರ್ಸರಿಯನ್ನೂ ಬಿಡಲಿಲ್ಲ, ಬೆಳ್ಳಗಿನ ಬೇರನ್ನೂ ಬಿಡಲಿಲ್ಲ. ಅವಳು ಸಮೋಸ ಕೈಯಲ್ಲಿ ಹಿಡಿದು ಕೇಳಿದಳು.

"ಯಾವ್ಯಾವ ನಂಬರು?"

ಅವಕ್ಕೆ ನಂಬರಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎದ್ದುಹೋಗಿ ನೋಟ್‌ಬುಕ್ ತಂದು ನನ್ನ ಮುಂದೆ ತೆರೆದಳು. ಆ ನೋಟ್‌ಬುಕ್ ಇಡೀ ಚಳಿಗಾಲ ಊಟದ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ನಾನು ಉಪ್ಪಿನಕಾಯಿ ಜಾಡಿ ಇಡುತ್ತಿದ್ದೆ. ಜನವರಿಯ ಪುಟ. 'ಏಳು: ಎಲೆ ತಾಮ್ರದ ಬಣ್ಣ. ಹನ್ನೆರಡು: ಉದುರಲು ಶುರು. ಎಲ್ಲ ಮಲಗಲು ಹೊರಟಿವೆ.'

"ನಿಮಗೂ ಹೇಳಿದ್ದೆ ಅಪ್ಪ. ಊಟಕ್ಕೆ ಕೂತಾಗ. ನೀವು ಗೀಸರ್ ಆಫ್ ಮಾಡಿದ್ನಾ ಅಂತ ಎದ್ದುಹೋದ್ರಿ."

"ತಪ್ಪಾಯ್ತು ಪುಟ್ಟಿ. ಗಿಡ ಕಿತ್ತಿದ್ದು..."

"ಗಿಡದ ಬಾತ್ ಅಲ್ಲ" ಎಂದಳು. ಧ್ವನಿ ಏರಿರಲಿಲ್ಲ. "ಪ್ರತಿ ಸಂಡೇ ಕೇಳ್ದೆ. ಚೆನ್ನಾಗಿವೆ ಅಂದ್ರಿ. ಅದು ನಮ್ ಡೈಲಾಗ್ ಅಪ್ಪ. ನಾನು, ಅಮ್ಮ, ನಿಮ್ಗೆ ಟೆನ್ಷನ್ ಆಗ್ಬಾರ್ದು ಅಂತ ಹೇಳೋದು. ಜ್ವರ ಬಂದ್ರೂ ಚೆನ್ನಾಗಿದೀನಿ, ಬಿದ್ರೂ ಚೆನ್ನಾಗಿದೀನಿ. ನೀವೂ ಶುರು ಮಾಡಿದ್ರೆ ಈ ಮನೇಲಿ ಸಚ್ ಮಾತು ಯಾರು ಹೇಳ್ತಾರೆ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳಮ್ಮನೂ ಕೇಳಿಸಿಕೊಳ್ಳುತ್ತಿದ್ದಳು. ಹೌದೇ ಎಂದು ಅವಳ ಕಡೆ ನೋಡಿದೆ. ಅವಳು ಟೀ ಸೋಸತೊಡಗಿದಳು.

ಆಮೇಲೆ ಮೇಘನಾ ಒಬ್ಬಳೇ ಗುಡ್ಡಕ್ಕೆ ಹೋಗತೊಡಗಿದಳು. ಬನ್ನಿ ಎನ್ನಲಿಲ್ಲ, ಬರಬೇಡಿ ಎನ್ನಲಿಲ್ಲ. ಮೂರು ವಾರ ಮನೆಯಲ್ಲಿ ಕುಳಿತೆ. ನಾಲ್ಕನೆಯ ವಾರ ಮೇಡಂಗೆ ಫೋನ್ ಮಾಡಿ, ನನಗೇನಾದರೂ ಕೆಲಸವಿದೆಯೇ ಎಂದು ಕೇಳಿದೆ. ಇದೆ, ಬನ್ನಿ ಎಂದರು. ಹೋದರೆ ನನ್ನ ಕೈಗೆ ಗುದ್ದಲಿ ಕೊಡಲಿಲ್ಲ. ಒಂದು ಉಂಡೆ ದಾರ ಕೊಟ್ಟರು. ಐವತ್ತು ದಾಟಿದ ಮನುಷ್ಯ, ನಾಲ್ಕು ಗೂಟ ಹುಗಿದು, ಒಂದು ಮೀಟರ್ ಅರಾವಳಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. 'ಏನೂ ಇಲ್ಲ. ಒಂದು ಕಲ್ಲು' ಎಂದು ಬರೆದೆ. ನೀರಿನ ಕ್ಯಾನ್ ಹೊತ್ತು ಮೇಲೆ ಹೋಗುತ್ತಿದ್ದ ಮೇಘನಾ ನನ್ನ ಹಿಂದೆ ಒಂದು ಕ್ಷಣ ನಿಂತಳು. ಬಗ್ಗಿ, ನನ್ನ ಜೇಬಿನ ಪೆನ್ನು ತೆಗೆದುಕೊಂಡು, ನಾನು ಬರೆದದ್ದರ ಕೆಳಗೆ 'ಕಲ್ಲಿನ ಕೆಳಗೆ?' ಎಂದು ಬರೆದು ಮೇಲೆ ಹೋದಳು. ಕಲ್ಲಿನ ಕೆಳಗೆ ಚೇಳಿತ್ತು. ಅದು ಬೇರೆ ಕತೆ. ನಾನು ಓಡಿದ್ದನ್ನು ಮಾತ್ರ ಎಲ್ಲರೂ ನೋಡಿದರು. ಅವಳು ನಕ್ಕಿದ್ದನ್ನು ನಾನು ನೋಡಿದೆ.

ನಾನು ಮುಟ್ಟದ ಏಳು ಕಡ್ಡಿಗಳೂ ಆ ಬೇಸಗೆಯಲ್ಲಿ ಚಿಗುರಿದವು. ಕಿತ್ತು ನೆಟ್ಟ ಹನ್ನೊಂದರಲ್ಲಿ ನಾಲ್ಕು ಎದ್ದವು. ಏಳು ಏಳಲಿಲ್ಲ. ಅವುಗಳ ನಂಬರು ನನಗೆ ಬಾಯಿಪಾಠವಾಗಿದೆ, ಇಲ್ಲಿ ಹೇಳುವುದಿಲ್ಲ. ನರ್ಸರಿಗೆ ಸಸಿಗಳನ್ನು ವಾಪಸ್ ಕೊಡಲು ಹೋದಾಗ ಅಲ್ಲಿಯವನು, ಸತ್ತಿಲ್ಲವಲ್ಲ ಸರ್, ಮತ್ತೆ ಯಾಕೆ ವಾಪಸ್ ಎಂದು ನೊಂದುಕೊಂಡ. ಒಂದನ್ನು ಅವನ ಸಮಾಧಾನಕ್ಕೆ ಉಳಿಸಿಕೊಂಡು ಬಾಲ್ಕನಿಯ ಕುಂಡದಲ್ಲಿಟ್ಟೆ. ಬೆಂಕಿ ಹಚ್ಚಲಿಲ್ಲ. ಆದರೂ ಎರಡೇ ತಿಂಗಳಿಗೆ ಸತ್ತಿತು.

ಮೇಘನಾ ಇಂಜಿನಿಯರಿಂಗ್ ಸೇರಲಿಲ್ಲ. ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಇದರ ಬಗ್ಗೆ ನನಗಿರುವ ಚಿಂತೆಗಳನ್ನು ಬರೆಯಲು ಹೊರಟರೆ ಸಂಪಾದಕರು ಇನ್ನೊಂದು ಸಂಚಿಕೆ ಕೊಡಬೇಕಾಗುತ್ತದೆ. ಭಾನುವಾರಗಳಲ್ಲಿ ಗುಡ್ಡಕ್ಕೆ ಹೊಸ ಮಕ್ಕಳು ಬರುತ್ತಾರೆ. ಗ್ರೇಟರ್ ನೋಯ್ಡಾದ ಕಾಲೇಜಿನಿಂದ ಎರಡು ಗಂಟೆ ಪ್ರಯಾಣ ಮಾಡಿ ಬರುವವರೂ ಇದ್ದಾರೆ. ಅವರಿಗೆ ದಾರ ಹಂಚುವ ಕೆಲಸ ಈಗ ಅವಳದು.

ಹತ್ತು ದಿನದ ಹಿಂದೆ ಅವಳು ಕಾಲೇಜಿನ ಕ್ಷೇತ್ರಕಾರ್ಯಕ್ಕೆಂದು ಎರಡು ತಿಂಗಳ ಮಟ್ಟಿಗೆ ರಾಜಸ್ಥಾನದ ಹಳ್ಳಿಯೊಂದಕ್ಕೆ ಹೋದಳು. ಈಗ ಮತ್ತೆ ಫೆಬ್ರವರಿ. ಕಳೆದ ಮಳೆಗಾಲದಲ್ಲಿ ಅವಳು ಮೇಲಿನ ಇಳಿಜಾರಿನಲ್ಲಿ ಹೊಸ ಸಾಲೊಂದು ನೆಟ್ಟಿದ್ದಳು, ಇಪ್ಪತ್ತನಾಲ್ಕು ಧೌ. ಹೊರಡುವ ದಿನ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, "ಅಪ್ಪ, ಸಂಡೇ ನೀವು ಹೋಗ್ತೀರಲ್ಲ?" ಎಂದಳು. ಹೋಗ್ತೀನಿ ಎಂದೆ. ಮುಂದಿನ ಮಾತಿಗೆ ಕಾದೆ. ಸಿರ್ಫ್ ಪಾನಿ, ಬೇರೇನೂ ಮಾಡಬೇಡಿ. ಅವಳು ಚಪ್ಪಲಿಯ ಪಟ್ಟಿ ಹಾಕಿಕೊಂಡು ಮೆಟ್ಟಿಲಿಳಿದಳು. ಲಿಫ್ಟ್ ಕೆಟ್ಟಿತ್ತು. ಕೆಳಗಿನ ಮಹಡಿಯಿಂದ ಕೂಗಿ ಹೇಳುತ್ತಾಳೇನೋ ಎಂದು ಕಟಕಟೆ ಹಿಡಿದು ನಿಂತೆ. ಹೇಳಲಿಲ್ಲ.

ಇವತ್ತು ಗುಡ್ಡ ಮುಟ್ಟುವ ಹೊತ್ತಿಗೆ ಬಿಸಿಲು ಹದವಾಗಿತ್ತು. ಇಪ್ಪತ್ತನಾಲ್ಕರಲ್ಲಿ ಒಂದರ ಮೇಲೂ ಎಲೆಯಿಲ್ಲ. ಹದಿನೈದಕ್ಕೆ ನೀರು ಹಾಕಿ ಸುಧಾರಿಸಿಕೊಳ್ಳುವಾಗ ಮೇಘನಾಳ ಫೋನ್ ಬಂತು.

"ಹೇಗಿವೆ ಅಪ್ಪ?"

"ಎಲೆ ಒಂದೂ ಇಲ್ಲ. ಒಂಬತ್ತರ ತುದಿ ಮುರಿದಿದೆ, ನೀಲಗಾಯಿ ತುಳಿದಿರಬೇಕು. ಹದಿನಾಲ್ಕು ನನಗ್ಯಾಕೋ ಅನುಮಾನ. ಮಲಗಿದೆಯೋ ಹೋಗಿದೆಯೋ ಗೊತ್ತಾಗ್ತಿಲ್ಲ."

"ಬರ್ದಿಟ್ರಾ?"

"ಬರೆದೆ."

ಆ ಕಡೆ ಎಲ್ಲೋ ಮೇಕೆ ಕೂಗಿದ್ದು ಕೇಳಿಸಿತು.

"ಅಪ್ಪ, ನನಗೆ ನಿನ್ನೆಯಿಂದ ಜ್ವರ ಇದೆ" ಎಂದಳು. "ನೂರಾ ಒಂದು."

ನಾನು ಕ್ಯಾನ್ ಕೆಳಗಿಟ್ಟೆ. ಡೆಂಗಿ, ಮಲೇರಿಯಾ, ಟೈಫಾಯ್ಡ್, ಆ ಹಳ್ಳಿಯಿಂದ ಆಸ್ಪತ್ರೆಗೆ ಇರುವ ದೂರ, ಎಲ್ಲ ಒಂದರ ಹಿಂದೊಂದು ಬಂದು ನನ್ನ ಮುಂದೆ ಸಾಲುಗಟ್ಟಿದವು. ನಾನೊಂದು ಮಾತು ತಪ್ಪಿ ಆಡಿದರೆ ಇನ್ನು ಹತ್ತು ವರ್ಷ ಈ ಹುಡುಗಿ ಚೆನ್ನಾಗಿದ್ದೀನಿ ಎನ್ನುತ್ತಾಳೆ.

"ಡಾಕ್ಟರಿಗೆ ತೋರಿಸಿದ್ಯಾ?"

"ಬೆಳಗ್ಗೆ ತೋರಿಸ್ದೆ. ಬ್ಲಡ್ ಟೆಸ್ಟಿಗೆ ಕೊಟ್ಟಿದೀನಿ. ರಿಪೋರ್ಟ್ ಸಂಜೆ ಬರತ್ತೆ."

"ಸರಿ. ಬಂದ ಮೇಲೆ ಹೇಳು. ನೀರು ಕುಡೀತಿರು."

"ಹೇಳ್ತೀನಿ" ಎಂದಳು. ಆಮೇಲೆ, "ಅಮ್ಮನಿಗೆ ನೀವೇ ಹೇಳಿ, ಹ್ಞಾ? ನನಗೆ ಧೈರ್ಯ ಇಲ್ಲ" ಎಂದಳು.

ಫೋನ್ ಇಟ್ಟೆ. ರಾಜಸ್ಥಾನದ ಕಡೆಯ ರೈಲುಗಳ ವೇಳೆ ತೆಗೆದು ನೋಡಿದೆ, ಅದನ್ನು ಮುಚ್ಚಿಡುವುದಿಲ್ಲ. ಟಿಕೆಟ್ ತೆಗೆಯಲಿಲ್ಲ. ಇನ್ನೂ ಒಂಬತ್ತು ಗಿಡಗಳಿಗೆ ನೀರು ಹಾಕುವುದಿತ್ತು. ಕ್ಯಾನ್ ಎತ್ತಿಕೊಂಡು ಹದಿನಾರರ ಬುಡಕ್ಕೆ ನಿಧಾನವಾಗಿ ಬಗ್ಗಿಸಿದೆ.